ಮದರಾಸಿನ ಹಾಡು, ಪರದೇಶದ ಬಿರುದು

ಚೆನ್ನೈ ನಗರವು ಇನ್ನೂ ಮದರಾಸೆಂದೇ ಕರೆಯಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಕೋಡಂಬಾಕ್ಕದ ರೈಲ್ವೆ ಗೇಟನ್ನು ದಾಟಿ ವಡಪಳನಿಯ ಕಡೆಗೆ ನಡೆದು ಹೋಗುವವನಿಗೆ, ಎ.ವಿ.ಎಂ., ವಿಜಯಾ-ವಾಹಿನಿ ಮೊದಲಾದ ಸ್ಟುಡಿಯೋಗಳ ಎತ್ತರದ ಗೋಡೆಗಳ ಹಿಂದೆ ಆ ದಿವಸ ಯಾವ ಭಾಷೆಯ ಹಾಡು ಮುದ್ರಣಗೊಳ್ಳುತ್ತಿದೆಯೆಂಬುದನ್ನು ಊಹಿಸುವುದು ಸಾಧ್ಯವಿರಲಿಲ್ಲ. ಬೆಳಗಿನ ಹೊತ್ತು ಕನ್ನಡದ ಯುಗಳಗೀತೆಗೆ ಕಮಾನೆಳೆದ ಪಿಟೀಲು ವಿದ್ವಾಂಸರೇ ಮಧ್ಯಾಹ್ನ ತೆಲುಗಿನ ಪೌರಾಣಿಕಕ್ಕೂ ಸಂಜೆ ತಮಿಳಿನ ಲಾವಣಿಗೂ ನುಡಿಸಿ ಮನೆಗೆ ಮರಳುತ್ತಿದ್ದರು. ಗಾಯಕ ಗಾಯಕಿಯರು ತಮಗೆ ಮಾತೃಭಾಷೆಯಲ್ಲದ ಸಾಹಿತ್ಯವನ್ನು ತಮಗೆ ಬರುವ ಲಿಪಿಯಲ್ಲಿ ಬರೆದಿಟ್ಟುಕೊಂಡು, ಎಲ್ಲಿ ಅಲ್ಪಪ್ರಾಣ, ಎಲ್ಲಿ ಮಹಾಪ್ರಾಣ ಎಂಬುದನ್ನು ಕವಿಯಿಂದ ಕೇಳಿ ತಿದ್ದಿಕೊಂಡು, ಮೈಕಿನ ಮುಂದೆ ನಿಲ್ಲುತ್ತಿದ್ದರು. ಕನ್ನಡಿಗರು ರಾಜಕುಮಾರರ ಶಾರೀರವೆಂದೇ ನಂಬಿ ಬೆಳೆದ ಕಂಠವು ಕಾಕಿನಾಡದಲ್ಲಿ ಹುಟ್ಟಿದ ಪಿ. ಬಿ. ಶ್ರೀನಿವಾಸರದಾಗಿದ್ದಿತು. ಅವರು ತಮ್ಮ ಮುಪ್ಪಿನ ದಿನಗಳಲ್ಲಿ ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನುಗಳನ್ನು ಸಿಕ್ಕಿಸಿಕೊಂಡು, ಕಾಫಿಯ ಲೋಟ ಆರಿಹೋದುದನ್ನೂ ಗಮನಿಸದೆ ಹಲವು ಭಾಷೆಗಳಲ್ಲಿ ಕವಿತೆ ಬರೆಯುತ್ತ ಕುಳಿತಿರುವುದನ್ನು ಕಂಡವರು ಈಗಲೂ ಆ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಇಂಥ ಊರಿನಲ್ಲಿ ಹುಟ್ಟಿದ ಹಾಡು ಪರದೇಶಕ್ಕೆ ಹೋಗಿ ಬಿರುದು ಗೆದ್ದು ಬಂದರೆ, ಆ ಬಿರುದು ಸಲ್ಲುವುದು ಯಾವ ಭಾಷೆಗೆ, ಯಾವ ನಾಡಿಗೆ ಎಂಬ ಪ್ರಶ್ನೆ ಏಳದೆ ಇರದು. ಐರೋಪ್ಯರಿಗೆ ಈ ಪ್ರಶ್ನೆ ಅಷ್ಟಾಗಿ ತೊಡಕಿನದಾಗಿರಲಿಲ್ಲ. ಅವರು ಅದಕ್ಕೊಂದು ಶಾಸನವನ್ನೇ ಮಾಡಿಕೊಂಡಿದ್ದರು. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋ ಪಟ್ಟಣದಲ್ಲಿ ಆರಂಭವಾದ ಯೂರೋವಿಷನ್ ಗೀತಸ್ಪರ್ಧೆಗೆ ವರ್ಷವರ್ಷವೂ ಒಂದೊಂದು ದೇಶದಿಂದ ಒಂದೊಂದು ಹೊಸ ಹಾಡು ಬರುತ್ತದೆ. ದೂರದರ್ಶನದಲ್ಲಿ ಅದನ್ನು ನೋಡಿದ ದೇಶಗಳು ಪರಸ್ಪರ ಅಂಕಗಳನ್ನು ಕೊಡುತ್ತವೆ. ತನ್ನ ಹಾಡಿಗೆ ತಾನೇ ಅಂಕ ಕೊಟ್ಟುಕೊಳ್ಳುವಂತಿಲ್ಲ. ಹಾಡು ಆಯಾ ದೇಶದ ರಾಷ್ಟ್ರಭಾಷೆಯಲ್ಲಿಯೇ ಇರತಕ್ಕದ್ದು ಎಂಬ ನಿಯಮವು 1966ರಿಂದ 1972ರ ವರೆಗೂ, ನಡುವೆ ಸಡಿಲಗೊಂಡು ಪುನಃ 1977ರಿಂದ 1998ರ ವರೆಗೂ ಜಾರಿಯಲ್ಲಿದ್ದಿತು. ಈ ಸ್ಪರ್ಧೆಯ ಮೂಲಕವೇ, ಎರಡು ಸಾವಿರ ವರ್ಷಗಳ ಕಾಲ ಬಹುಮಟ್ಟಿಗೆ ಪ್ರಾರ್ಥನೆಗೂ ಪಾಂಡಿತ್ಯಕ್ಕೂ ಮಾತ್ರ ಮೀಸಲಾಗಿದ್ದು, ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಎಲಿಯೆಜರ್ ಬೆನ್-ಯೆಹೂದನಂಥವರ ಹಠದಿಂದ ಮತ್ತೆ ಮನೆಮಾತಾದ ಹೀಬ್ರೂ ಭಾಷೆಯು ಯೂರೋಪಿನ ಬೈಠಕ್‌ಖಾನೆಗಳನ್ನು ಪ್ರವೇಶಿಸಿತು.

ಆ ಪ್ರವೇಶದ ಕಥೆ ಸ್ವಾರಸ್ಯವಾದುದು. 1973ರಲ್ಲಿ ಮೊದಲ ಬಾರಿಗೆ ಸ್ಪರ್ಧೆಗಿಳಿದ ಇಸ್ರೇಲ್, 1978ರ ಏಪ್ರಿಲ್ 22ರಂದು ಪ್ಯಾರಿಸ್ಸಿನಲ್ಲಿ ಗೆದ್ದಿತು. ಇಝ್ಹಾರ್ ಕೋಹೆನ್ ಎಂಬ ಗಾಯಕನೂ ಆಲ್ಫಾಬೀಟಾ ಎಂಬ ಅವನ ಮೇಳವೂ ಹಾಡಿದ ‘ಅ-ಬಾ-ನಿ-ಬಿ’ ಎಂಬ ಆ ಗೀತೆಗೆ ರಾಗವನ್ನು ಹಾಕಿದವಳು ನುರಿತ್ ಹಿರ್ಷ್, ಸಾಹಿತ್ಯವನ್ನು ಬರೆದವನು ಎಹುದ್ ಮನೋರ್. ನಮ್ಮ ಮಕ್ಕಳು ದೊಡ್ಡವರಿಗೆ ತಿಳಿಯಬಾರದೆಂದು ಅಕ್ಷರಕ್ಕೊಂದು ‘ಕ’ ಸೇರಿಸಿ ‘ಕ ಭಾಷೆ’ ಆಡುವಂತೆ, ಅಲ್ಲಿಯ ಮಕ್ಕಳು ‘ಬ’ಕಾರವನ್ನು ಸೇರಿಸಿ ಆಡುವ ಗುಟ್ಟಿನ ಮಾತೇ ಆ ಹಾಡಿನ ಜೀವಾಳ, ಪ್ಯಾರಿಸ್ಸಿನ ಸಭಿಕರಿಗಂತೂ ಇದರ ಮರ್ಮ ತಿಳಿದಿರುವ ಸಂಭವವಿಲ್ಲ, ಆದರೂ 157 ಅಂಕಗಳು ಬಂದುವು. ಜೋರ್ಡಾನ್ ದೇಶದ ದೂರದರ್ಶನದವರು ಇಸ್ರೇಲ್ ಗೆಲ್ಲುವ ಲಕ್ಷಣ ಕಾಣುತ್ತಲೇ ನೇರಪ್ರಸಾರವನ್ನು ತಡೆದು, ಹೂಗಳ ಚಿತ್ರವೊಂದನ್ನು ತೆರೆಯ ಮೇಲಿಟ್ಟು, ಎರಡನೆಯ ಸ್ಥಾನದಲ್ಲಿದ್ದ ಬೆಲ್ಜಿಯಂ ಗೆದ್ದಿತೆಂದು ತಮ್ಮ ಪ್ರೇಕ್ಷಕರಿಗೆ ಸಾರಿದರು. ಹಾಡಿನ ಸೋಲು ಗೆಲುವುಗಳಿಗೆ ರಾಜ್ಯಗಳು ಎಷ್ಟು ಹೆದರುತ್ತವೆಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ದೃಷ್ಟಾಂತವನ್ನು ನಾನು ಕಂಡಿಲ್ಲ.

ಮರುವರ್ಷ ಸ್ಪರ್ಧೆಯು ಜೆರೂಸಲೇಮಿನಲ್ಲಿಯೇ ನಡೆಯಿತು. ಈಜಿಪ್ಟಿಗೂ ಇಸ್ರೇಲಿಗೂ ಶಾಂತಿಯ ಒಪ್ಪಂದವಾಗಿ ಇನ್ನೂ ಐದು ದಿನಗಳಷ್ಟೇ ಕಳೆದಿದ್ದುವು. 1979ರ ಮಾರ್ಚ್ 31ರ ಆ ರಾತ್ರಿ ಕೊಬಿ ಓಶ್ರತ್ ರಾಗ ಹಾಕಿದ ‘ಹಲ್ಲೆಲುಯಾ’ವನ್ನು ಗಾಲಿ ಅತಾರಿ ಎಂಬ ಗಾಯಕಿಯೂ ಮಿಲ್ಕ್ ಅಂಡ್ ಹನಿ ಎಂಬ ಮೂವರ ಮೇಳವೂ ಹಾಡಿದರು, ಅಂಕ ಕೊಡುವ ಸರದಿ ಕಟ್ಟಕಡೆಗೆ ಸ್ಪೇನಿಗೆ ಬಂದಾಗ ಸ್ಪೇನೇ ಮುಂದಿದ್ದು, ತಾನು ಕೊಟ್ಟ ಹತ್ತು ಅಂಕಗಳಿಂದಲೇ ತನ್ನ ಗೆಲುವನ್ನು ಇಸ್ರೇಲಿಗೆ ಧಾರೆಯೆರೆದಂತಾಯಿತು. ಮೂರನೆಯ ಗೆಲುವು 1998ರಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ, ದಾನಾ ಇಂಟರ್‌ನ್ಯಾಷನಲ್ ಎಂಬ, ಗಂಡಾಗಿ ಹುಟ್ಟಿ ಹೆಣ್ಣಾದ ಗಾಯಕಿಯ ‘ದೀವಾ’ ಗೀತೆಗೆ ಬಂದುದು. ಸ್ವದೇಶದ ಮಡಿವಂತರು ಆಕೆಯನ್ನು ಕಳುಹಿಸಬಾರದೆಂದು ಕೂಗೆಬ್ಬಿಸಿದ್ದರು. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಕೋಹೆನ್, ಅತಾರಿ, ದಾನಾ, ಈ ಮೂವರ ಮನೆತನಗಳ ಬೇರೂ ಯೆಮನ್ ದೇಶದಲ್ಲಿದೆ. ಹಾಡಿನ ಮೇಲೆ ಒಂದೇ ದೇಶದ, ಒಂದೇ ಭಾಷೆಯ ಮುದ್ರೆಯನ್ನೊತ್ತಿದ್ದರೂ ಒಳಗೆ ಹಾಡಿದ ಕಂಠಗಳು ಅರಬ್ಬೀ ಮಾತಿನ ನಾಡಿನಿಂದ ವಲಸೆ ಬಂದವರ ಮಕ್ಕಳವು. ಶಾಸನಕ್ಕೆ ಅದನ್ನೆಲ್ಲ ವಿಚಾರಿಸುವ ಉಸಾಬರಿ ಇರಲಿಲ್ಲ.

ಮದರಾಸಿನವರಿಗೆ ಮಾತ್ರ ಇಂಥ ಮುದ್ರೆಯನ್ನೊತ್ತುವುದೇ ಕಷ್ಟವಾಗುತ್ತಿದ್ದಿತು. ಅವರ ಮೊದಲ ದೊಡ್ಡ ಅಂತರರಾಷ್ಟ್ರೀಯ ಬಿರುದು ಬಂದುದು ಇಸ್ರೇಲಿನ ನೆರೆಯ ಈಜಿಪ್ಟಿನಿಂದಲೇ ಎಂಬುದು ಯದೃಚ್ಛೆ. 1960ರಲ್ಲಿ, ಈಜಿಪ್ಟೂ ಸಿರಿಯಾವೂ ಕೂಡಿ ಸಂಯುಕ್ತ ಅರಬ್ ಗಣರಾಜ್ಯವೆನಿಸಿಕೊಂಡು ನಾಸೆರ್ ಅದರ ಅಧ್ಯಕ್ಷನಾಗಿದ್ದ ದಿನಗಳಲ್ಲಿ, ಕೈರೋ ನಗರದಲ್ಲಿ ಆಫ್ರೋ-ಏಷ್ಯನ್ ಚಲನಚಿತ್ರೋತ್ಸವ ನಡೆಯಿತು. ವಸಾಹತುಗಳ ನೊಗವನ್ನು ಆಗತಾನೆ ಕಳಚಿಕೊಂಡ ಅಥವಾ ಕಳಚಿಕೊಳ್ಳುತ್ತಿದ್ದ ದೇಶಗಳು ತಮ್ಮ ತಮ್ಮ ಕಥೆಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವ ಉತ್ಸಾಹದ ಕಾಲ ಅದು. ಅಲ್ಲಿಗೆ ಹೋದ ತಮಿಳು ಚಿತ್ರ ‘ವೀರಪಾಂಡಿಯ ಕಟ್ಟಬೊಮ್ಮನ್’. ಅದರಲ್ಲಿ ನಟಿಸಿದ ಶಿವಾಜಿ ಗಣೇಶನ್ನರಿಗೆ ಅತ್ಯುತ್ತಮ ನಟನೆಂಬ ಪ್ರಶಸ್ತಿಯೂ, ಅದರ ಹಾಡುಗಳಿಗೆ ರಾಗ ಸಂಯೋಜಿಸಿದ ಜಿ. ರಾಮನಾಥನ್ನರಿಗೆ ಅತ್ಯುತ್ತಮ ಸಂಗೀತ ನಿರ್ದೇಶಕನೆಂಬ ಪ್ರಶಸ್ತಿಯೂ ದೊರೆತುವು. ನಟನ ಕೀರ್ತಿಯ ಪ್ರಭೆಯಲ್ಲಿ ಸಂಗೀತಗಾರನ ಪ್ರಶಸ್ತಿ ಬಹುಬೇಗ ಮರೆಯಾಯಿತು. ನಾಸೆರ್ ಭಾರತಕ್ಕೆ ಬಂದಾಗ ಮದರಾಸಿನಲ್ಲಿ ಶಿವಾಜಿಯವರು ಅವರಿಗೆ ಸತ್ಕಾರವೇರ್ಪಡಿಸಿದ ಸಂಗತಿಯನ್ನು ಜನ ಹೇಳಿಕೊಳ್ಳುವಷ್ಟು ರಾಮನಾಥನ್ನರ ವಿಚಾರವನ್ನು ಹೇಳಿಕೊಳ್ಳುವುದಿಲ್ಲ.

ಈ ಚಿತ್ರವನ್ನು ನಿರ್ಮಿಸಿ ನಿರ್ದೇಶಿಸಿದವರು ನಮ್ಮ ಕೋಲಾರ ಸೀಮೆಯ ಬಿ. ಆರ್. ಪಂತುಲು ಅವರು. ಉಪಾಧ್ಯಾಯ ವೃತ್ತಿಯಲ್ಲಿದ್ದು, ನಾಟಕದ ಹುಚ್ಚಿಗೆ ಬಿದ್ದು, ‘ಸಂಸಾರ ನೌಕೆ’ಯ ಮೂಲಕ ಚಿತ್ರರಂಗವನ್ನು ಹೊಕ್ಕು, ಮದರಾಸಿನಲ್ಲಿಯೇ ನೆಲೆಸಿ ಪದ್ಮಿನಿ ಪಿಕ್ಚರ್ಸ್ ಎಂಬ ಸಂಸ್ಥೆಯನ್ನು ಕಟ್ಟಿ, ಒಂದು ಕೈಯಲ್ಲಿ ಕನ್ನಡವನ್ನೂ ಇನ್ನೊಂದು ಕೈಯಲ್ಲಿ ತಮಿಳನ್ನೂ ಹಿಡಿದು ನಡೆಸಿದ ಮನುಷ್ಯ ಅವರು. 1958ರಲ್ಲಿ ಕನ್ನಡಕ್ಕೆ ‘ಸ್ಕೂಲ್ ಮಾಸ್ಟರ್’ ಕೊಟ್ಟವರು ಮರುವರ್ಷ ತಮಿಳಿಗೆ ‘ಕಟ್ಟಬೊಮ್ಮನ್’ ಕೊಟ್ಟರು. ಅದರ ಮುಂದಿನ ಒಂದೆರಡು ವರ್ಷಗಳಲ್ಲಿಯೇ, ಇಂಗ್ಲಿಷರಿಗೆ ಕಪ್ಪ ಕೊಡೆನೆಂದು ನಿಂತ ದಕ್ಷಿಣದ ಪಾಳೆಯಗಾರನ ಕಥೆಯಿಂದ ಇಂಗ್ಲಿಷರನ್ನು ಎದುರಿಸಿ ನಿಂತ ಉತ್ತರದ ರಾಣಿಯ ಕಥೆಗೆ ಹೊರಳಿ, 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ನನ್ನು ತೆರೆಗೆ ತಂದರು. ನಮ್ಮಲ್ಲಿ ‘ಚೆನ್ನಮ್ಮ’ನನ್ನು ನೆನೆಯುವವರು ಅದಕ್ಕೆ ಮೊದಲು ಕೈರೋವರೆಗೂ ಹೋಗಿಬಂದ ಅವಳ ಅಣ್ಣನನ್ನು ನೆನೆಯುವುದು ವಿರಳ.

ಇನ್ನು ಹಾಡುಗಳ ವಿಚಾರ. ಕಟ್ಟಬೊಮ್ಮನ್ ಪಾಂಚಾಲಂಕುರಿಚ್ಚಿಯ ಪಾಳೆಯಗಾರ, 1799ರ ಅಕ್ಟೋಬರ್ 16ರಂದು ಕಯತ್ತಾರಿನಲ್ಲಿ ಗಲ್ಲಿಗೇರಿದವನು. ಅವನ ಕುಲ ತೆಲುಗು ಮನೆಮಾತಿನ ನಾಯಕರದು. ಅವನ ಕಥೆಯನ್ನು ತಮಿಳಿನಲ್ಲಿ ಬರೆದವರು ಶಕ್ತಿ ಟಿ. ಕೆ. ಕೃಷ್ಣಸ್ವಾಮಿ, ಚಿತ್ರ ಮಾಡಿದವರು ಕೋಲಾರದವರು, ಚಿತ್ರದ ಅತ್ಯಂತ ಮನೋಹರವಾದ ಬೆಳದಿಂಗಳ ಯುಗಳಗೀತೆಯನ್ನು ತಮಿಳಿನಲ್ಲಿ ಹಾಡಿದವರು ಪಿ. ಬಿ. ಶ್ರೀನಿವಾಸರೂ ಪಿ. ಸುಶೀಲರೂ, ಇಬ್ಬರೂ ಆಂಧ್ರದವರು. ರಾಮನಾಥನ್ನರು ಮಾತ್ರ ತಿರುಚಿರಾಪಳ್ಳಿಯ ಕಡೆಯವರು. ಹರಿಕಥೆಗೆ ಹಾರ್ಮೋನಿಯಂ ನುಡಿಸುತ್ತ ಬೆಳೆದು, ತ್ಯಾಗರಾಜ ಭಾಗವತರ ‘ಹರಿದಾಸ್’ ಮುಂತಾದ ಚಿತ್ರಗಳ ಕಾಲದಿಂದಲೂ ಶಾಸ್ತ್ರೀಯ ರಾಗಗಳನ್ನು ಅವುಗಳ ಮರ್ಯಾದೆಗೆ ಕುಂದು ಬಾರದಂತೆ ಸಾಮಾನ್ಯ ಜನರ ನಾಲಗೆಯ ಮೇಲೆ ಇಳಿಸಿದ ಜಾಣರು. ಅವರ ದಿನಗಳಲ್ಲಿ ಹಾಡಿನ ಮುದ್ರಣವೆಂದರೆ ಒಂದು ಸಣ್ಣ ಯಜ್ಞವೇ ಸರಿ. ವಾದ್ಯಗಾರರೂ ಗಾಯಕರೂ ಒಂದೇ ಹಜಾರದಲ್ಲಿ, ಒಂದೇ ಉಸಿರಿನಲ್ಲಿ ಹಾಡನ್ನು ಆದಿಯಿಂದ ಅಂತ್ಯದವರೆಗೆ ನುಡಿಸಬೇಕು; ಮೃದಂಗದವನು ಒಂದು ಪೆಟ್ಟು ತಪ್ಪಿದರೆ, ಕೊನೆಯ ಸಾಲಿನಲ್ಲಿ ಗಾಯಕಿಗೆ ಕೆಮ್ಮು ಬಂದರೆ, ಎಲ್ಲರೂ ಪಲ್ಲವಿಗೆ ಹಿಂದಿರುಗಬೇಕು. ಹೀಗೆ ಪರಸ್ಪರರ ತಪ್ಪಿಗೆ ಹೊಣೆಯಾಗುತ್ತ ನುಡಿಸಿದವರ ನಡುವೆ ಭಾಷೆಯ ಭೇದ ಹೆಚ್ಚುಕಾಲ ಉಳಿಯುವಂಥದಲ್ಲ. ರಾಮನಾಥನ್ನರು ಕೈರೋವಿನ ಬಿರುದು ಬಂದ ಮೂರು ವರ್ಷಗಳಲ್ಲಿ, 1963ರಲ್ಲಿ ತೀರಿಕೊಂಡರು.

ಆ ಹಜಾರಗಳ ಪರಂಪರೆ ಅಲ್ಲಿಗೆ ನಿಲ್ಲಲಿಲ್ಲ. ಅದರ ಒಂದು ಮುಖ್ಯವಾದ ಎಳೆ ಕನ್ನಡ ಚಿತ್ರಗಳ ಮೂಲಕವೇ ಹಾದು ಬಂದಿತೆಂಬುದನ್ನು ಕನ್ನಡಿಗರು ಅಭಿಮಾನಕ್ಕಾಗಿಯಲ್ಲದಿದ್ದರೂ ಲೆಕ್ಕಕ್ಕಾಗಿಯಾದರೂ ತಿಳಿದಿರಬೇಕು. ಪಣ್ಣೈಪುರವೆಂಬ ಹಳ್ಳಿಯಿಂದ ಮದರಾಸಿಗೆ ಬಂದ ಇಳೆಯರಾಜ ಎಂಬ ತರುಣನು ವಾದ್ಯಮೇಳವನ್ನು ಜೋಡಿಸುವ ವಿದ್ಯೆಯಲ್ಲಿ ಕೈ ಪಳಗಿಸಿಕೊಂಡುದು ಕನ್ನಡದ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶರ ಸಹಾಯಕನಾಗಿ. ಪಾಶ್ಚಾತ್ಯ ಸಂಗೀತವನ್ನು ಅವನಿಗೆ ಕಲಿಸಿದ ಮಾಸ್ಟರ್ ಧನರಾಜರ ಬಳಿಯೇ ಮುಂದೆ ಇನ್ನೊಬ್ಬ ಹುಡುಗ ಕಲಿತನು. ಮಲಯಾಳದ ಚಿತ್ರಗಳಿಗೆ ದುಡಿಯುತ್ತಿದ್ದ ಆರ್. ಕೆ. ಶೇಖರ್ ಎಂಬವರ ಮಗ ಅವನು, 1967ರ ಜನವರಿ 6ರಂದು ಹುಟ್ಟಿದವನು, ಒಂಬತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡವನು. ತಂದೆ ಬಿಟ್ಟುಹೋದ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ಆ ಮನೆಯವರು ಜೀವನ ಸಾಗಿಸಿದರು. ಹುಡುಗ ಕೀಬೋರ್ಡು ಹೊತ್ತು ಇಳೆಯರಾಜರ ಮೇಳಕ್ಕೂ, ತೆಲುಗಿನ ರಮೇಶ್ ನಾಯುಡು, ರಾಜ್-ಕೋಟಿಯವರ ಮೇಳಗಳಿಗೂ, ಕನ್ನಡದ ವಿಜಯಭಾಸ್ಕರ್, ಹಂಸಲೇಖ ಮೊದಲಾದವರ ಮೇಳಗಳಿಗೂ ನುಡಿಸಿದನು. ಕಾಲ್‌ಷೀಟಿನ ಕೂಲಿಗೆ ನುಡಿಸಿದ ಆ ದಿನಗಳಲ್ಲಿ ಯಾವ ಕನ್ನಡ ಹಾಡಿನ ಹಿನ್ನೆಲೆಯಲ್ಲಿ ಅವನ ಬೆರಳುಗಳು ಓಡಾಡಿವೆಯೋ, ಹಾಡನ್ನು ಕೇಳುತ್ತಿದ್ದ ನಮಗೆ ಹೊಳೆಯುವಂತಿರಲಿಲ್ಲ. ಅವನೇ ಎ. ಆರ್. ರೆಹಮಾನ್.

1989ರಲ್ಲಿ ಅವರು ಕೋಡಂಬಾಕ್ಕದ ತಮ್ಮ ಮನೆಯ ಹಿತ್ತಲಲ್ಲಿ ಪಂಚತನ್ ಎಂಬ ಧ್ವನಿಮುದ್ರಣದ ಕೊಠಡಿಯನ್ನು ಕಟ್ಟಿಸಿದರು. ಹಜಾರದ ಯುಗ ಮುಗಿದುದು ಅಲ್ಲಿ. ಇನ್ನು ಮೇಲೆ ನೂರು ಮಂದಿ ಒಟ್ಟಿಗೆ ಕೂಡಬೇಕಾಗಿಲ್ಲ. ಒಬ್ಬೊಬ್ಬರೇ ರಾತ್ರಿಯಲ್ಲಿ ಬಂದು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ತಮ್ಮ ಪಾಲಿನದನ್ನು ಹಾಡಿಯೋ ನುಡಿಸಿಯೋ ಹೋಗುವರು. ಆ ತುಣುಕುಗಳನ್ನು ಪದರ ಪದರವಾಗಿ ಹೊಂದಿಸುವುದು, ಬೇಡವಾದುದನ್ನು ತೆಗೆಯುವುದು, ತಿಂಗಳ ಮೇಲೆ ಮತ್ತೇನನ್ನೋ ಸೇರಿಸುವುದು, ಎಲ್ಲವೂ ಯಂತ್ರದ ಮುಂದೆ ಕುಳಿತವರ ಕೆಲಸ. ಹಳಬರು ಇದನ್ನು ಕಂಡು ನಿಟ್ಟುಸಿರು ಬಿಟ್ಟರು. ಪಿಟೀಲಿನ ಅನೇಕ ಕುಟುಂಬಗಳಿಗೆ ಇದರಿಂದ ಅನ್ನದ ಕೊರತೆಯಾದುದೂ ದಿಟವೇ. ಆದರೆ ಲಾಭವೂ ಒಂದುಂಟು: ಎಂದೂ ಪರಸ್ಪರ ಮುಖ ನೋಡದವರೂ ಒಂದೇ ಹಾಡಿನಲ್ಲಿ ಸೇರಬಹುದಾಯಿತು. 1992ರಲ್ಲಿ ರೆಹಮಾನರ ಸಂಗೀತದ ‘ರೋಜಾ’ ಬಂದಿತು. ಅದರ ನಿರ್ದೇಶಕ ಮಣಿರತ್ನಂ ತಮ್ಮ ಮೊದಲ ಚಿತ್ರವನ್ನು ಕನ್ನಡದಲ್ಲಿ, ‘ಪಲ್ಲವಿ ಅನುಪಲ್ಲವಿ’ಯೆಂಬ ಹೆಸರಿನಲ್ಲಿ, ಇಳೆಯರಾಜರ ಸಂಗೀತದೊಡನೆ ಮಾಡಿದವರೆಂಬುದನ್ನು ಇಲ್ಲಿ ಸುಮ್ಮನೆ ಸೂಚಿಸಿ ಮುಂದೆ ಹೋಗುತ್ತೇನೆ.

2008ರಲ್ಲಿ ಇಂಗ್ಲೆಂಡಿನ ಡ್ಯಾನಿ ಬಾಯ್ಲ್ ಮುಂಬಯಿಯ ಕೊಳೆಗೇರಿಯ ಹುಡುಗನೊಬ್ಬನ ಕಥೆಯನ್ನು ‘ಸ್ಲಮ್‌ಡಾಗ್ ಮಿಲಿಯನೇರ್’ ಎಂಬ ಹೆಸರಿನಲ್ಲಿ ಚಿತ್ರಿಸಿದಾಗ ಸಂಗೀತವನ್ನು ರೆಹಮಾನರಿಗೆ ಒಪ್ಪಿಸಿದರು. ಚಿತ್ರದ ಕೊನೆಯಲ್ಲಿ ರೈಲ್ವೆ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಕುಣಿಯುವ ‘ಜೈ ಹೋ’ ಗೀತೆಯ ಹಿಂದಿ ಸಾಹಿತ್ಯ ಗುಲ್ಜಾರರದು. ಮಧ್ಯೆ ಬರುವ ಸ್ಪ್ಯಾನಿಷ್ ಸಾಲುಗಳನ್ನು ಬರೆದು ಹಾಡಿದವಳು ಚೆನ್ನೈಯ ಗಾಯಕಿ ತನ್ವಿ ಷಾ. ಮುಖ್ಯ ಗಾಯನ ಪಂಜಾಬಿನ ಸುಖ್‌ವಿಂದರ್ ಸಿಂಗರದು. ಜೊತೆಗೆ ಮಹಾಲಕ್ಷ್ಮಿ ಅಯ್ಯರ್. ಇವೆಲ್ಲದರ ಮೇಲೆ, ತಾರಸ್ಥಾಯಿಯಲ್ಲಿ ಜಯಘೋಷವನ್ನು ಎತ್ತಿ ಹಿಡಿಯುವ ಕಂಠವು ಮೈಸೂರಿನ ವಿಜಯ್ ಪ್ರಕಾಶರದು. ಅದೇ ವರ್ಷದ ಆರಂಭದಲ್ಲಿ ‘ಗಾಳಿಪಟ’ ಚಿತ್ರದ ಹಾಡಿನಲ್ಲಿ ಕನ್ನಡದ ಹುಡುಗ ಹುಡುಗಿಯರು ಮರುಳಾಗಿದ್ದುದು ಈ ಕಂಠಕ್ಕೇ. ಅದೇ ಕಂಠ ವರ್ಷ ತಿರುಗುವಷ್ಟರಲ್ಲಿ ಲಾಸ್ ಏಂಜಲಿಸ್ಸಿನಲ್ಲಿ ಮೊಳಗುತ್ತಿದ್ದಿತೆಂಬುದು ಎಷ್ಟೋ ಮಂದಿಗೆ ತಡವಾಗಿ ತಿಳಿಯಿತು.

2009ರ ಫೆಬ್ರುವರಿ 22ರಂದು ಕೊಡಾಕ್ ರಂಗಮಂದಿರದಲ್ಲಿ ಎಂಬತ್ತೊಂದನೆಯ ಆಸ್ಕರ್ ಸಮಾರಂಭ. ಗೀತೆಗಳ ಕಣದಲ್ಲಿ ಆ ವರ್ಷ ಇದ್ದುವು ಮೂರೇ. ಅವುಗಳಲ್ಲಿ ಎರಡು ರೆಹಮಾನರವೇ, ಮೂರನೆಯದು ‘ವಾಲ್-ಈ’ ಚಿತ್ರದ್ದು. ಮೊದಲು ಹಿನ್ನೆಲೆ ಸಂಗೀತದ ಪ್ರಶಸ್ತಿ ಬಂದಿತು; ಅದನ್ನು ಸ್ವೀಕರಿಸುತ್ತ ಅವರು, ಎಲ್ಲ ಕೀರ್ತಿಯೂ ದೇವರಿಗೇ ಸಲ್ಲತಕ್ಕದ್ದೆಂಬ ಮಾತನ್ನು ತಮಿಳಿನಲ್ಲಿ ಹೇಳಿದರು. ಹಿಂದಿಯ ಹಾಡು, ಇಂಗ್ಲಿಷರ ಚಿತ್ರ, ಅಮೆರಿಕದ ವೇದಿಕೆ, ತಮಿಳಿನ ಮಾತು! ಸ್ವಲ್ಪ ಹೊತ್ತಿನ ಮೇಲೆ ‘ಜೈ ಹೋ’ಗೂ ಪ್ರಶಸ್ತಿ ಬಂದಿತು. ಆಸ್ಕರ್ ಬಿರುದಿಗೆ ಭಾಷೆಯ ಶಾಸನವಿಲ್ಲ. ಇಲ್ಲದುದರಿಂದಲೇ ಅಲ್ಲಿ ಇಂಗ್ಲಿಷಿನದೇ ಏಕಾಧಿಪತ್ಯ. 1960ರ ಚಿತ್ರವೊಂದರ ಗ್ರೀಕ್ ಗೀತೆ, 2004ರ ಚಿತ್ರವೊಂದರ ಸ್ಪ್ಯಾನಿಷ್ ಗೀತೆ, ಇವೆರಡನ್ನು ಬಿಟ್ಟರೆ ಅಲ್ಲಿಯವರೆಗೆ ಇಂಗ್ಲಿಷಲ್ಲದ ಹಾಡು ಗೆದ್ದುದು ಇದೇ. ಇದು ರೆಹಮಾನರ ಅತ್ಯುತ್ತಮ ಕೃತಿಯೇ ಎಂದು ಕೇಳಿದರೆ, ಅಲ್ಲವೆಂದೇ ನಾನು ಹೇಳುತ್ತೇನೆ. ‘ರೋಜಾ’, ‘ಬಾಂಬೆ’ಗಳನ್ನು ಕೇಳಿದ ಕಿವಿಗೆ ಈ ಹಾಡು ತುಸು ಅವಸರದ ಅಡುಗೆಯಂತೆ ತೋರುತ್ತದೆ. ಆದರೆ ಸ್ಪರ್ಧೆಗಳು ತೂಗುವುದು ಆ ರಾತ್ರಿ ತಕ್ಕಡಿಯಲ್ಲಿಟ್ಟ ಹಾಡನ್ನಲ್ಲದೆ ಅದರ ಕರ್ತೃವಿನ ಜೀವಮಾನವನ್ನಲ್ಲ.

ಈ ಗೆಲುವಿನ ಅಂಚಿನಲ್ಲಿ ಒಂದು ದುಃಖವೂ ಇದೆ. ‘ರೋಜಾ’ ದಿನಗಳಿಂದಲೂ ರೆಹಮಾನರ ಹಾಡುಗಳಿಗೆ ಧ್ವನಿಯ ಹದವನ್ನು ಕಟ್ಟಿಕೊಟ್ಟ ಚೆನ್ನೈಯ ಶಬ್ದತಂತ್ರಜ್ಞ ಎಚ್. ಶ್ರೀಧರ್ 2008ರ ಡಿಸೆಂಬರ್ 1ರಂದು, ಆಸ್ಕರಿಗೆ ಸುಮಾರು ಮೂರು ತಿಂಗಳು ಮೊದಲೇ, ತೀರಿಕೊಂಡರು. 2010ರ ಜನವರಿ 31ರಂದು ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರದ ಧ್ವನಿಸುರುಳಿಗೆ ಗ್ರ್ಯಾಮಿ ದೊರೆತಾಗ ಪುರಸ್ಕೃತರ ಸಾಲಿನಲ್ಲಿ ಅವರ ಹೆಸರೂ ಇದ್ದಿತು. ‘ಜೈ ಹೋ’ಗೆ ಪ್ರತ್ಯೇಕವಾಗಿ ಬಂದ ಗ್ರ್ಯಾಮಿಯನ್ನು ಗುಲ್ಜಾರ್, ರೆಹಮಾನ್, ತನ್ವಿ ಷಾ ಮೂವರೂ ಹಂಚಿಕೊಂಡರು. ಹಾಡುಗಾರರ ಹೆಸರು ಆ ಪ್ರಶಸ್ತಿಯ ಪಟ್ಟಿಗೆ ಬರುವುದಿಲ್ಲ, ಅದು ಬರೆದವರಿಗೂ ರಾಗ ಹಾಕಿದವರಿಗೂ ಮೀಸಲು. ಹಜಾರದ ಮೂಲೆಯಲ್ಲಿ ನುಡಿಸಿದವರಿಗಂತೂ ಅಂದೂ ಪಟ್ಟಿಯಿರಲಿಲ್ಲ, ಇಂದೂ ಇಲ್ಲ.

ಅತ್ತ ಯೂರೋವಿಷನ್ನಿನವರು, ದಾನಾ ಗೆದ್ದುದರ ಫಲವಾಗಿ 1999ರಲ್ಲಿ ಸ್ಪರ್ಧೆ ಪುನಃ ಜೆರೂಸಲೇಮಿಗೆ ಬಂದ ವರ್ಷದಿಂದಲೇ, ಭಾಷೆಯ ಶಾಸನವನ್ನು ರದ್ದುಗೊಳಿಸಿದರು. ಯಾರು ಯಾವ ಭಾಷೆಯಲ್ಲಿ ಬೇಕಾದರೂ ಹಾಡಬಹುದೆಂದಾದಾಗ ಬಹುಮಂದಿ ಇಂಗ್ಲಿಷಿಗೆ ಓಡಿದರು; ಆ ವರ್ಷ ಗೆದ್ದ ಸ್ವೀಡನ್ನಿನ ಹಾಡು ಇಂಗ್ಲಿಷಿನದು. 2018ರಲ್ಲಿ ಲಿಸ್ಬನ್ನಿನಲ್ಲಿ ಇಸ್ರೇಲ್ ನಾಲ್ಕನೆಯ ಬಾರಿ ಗೆದ್ದಾಗ ನೆತ್ತಾ ಎಂಬ ಗಾಯಕಿಯ ಹಾಡಿನಲ್ಲಿ ಹೀಬ್ರೂ ಒಂದೆರಡು ಮಾತುಗಳಷ್ಟೇ ಉಳಿದಿದ್ದಿತು. ಶಾಸನವಿಲ್ಲದ ಆಸ್ಕರಿನಲ್ಲಿಯಾದರೋ, 2023ರ ಮಾರ್ಚ್ 12ರಂದು, ಚಂದ್ರಬೋಸ್ ಬರೆದ ಅಚ್ಚ ತೆಲುಗಿನ ‘ನಾಟು ನಾಟು’ ಗೆದ್ದಿತು. ಹೈದರಾಬಾದಿನವರು ಸಂಭ್ರಮಿಸಿದರು, ಅದು ನ್ಯಾಯವೇ. ಆದರೆ ಅದರ ಸಂಗೀತಗಾರ ಕೀರವಾಣಿಯವರು 1980ರ ದಶಕದ ಕೊನೆಯಲ್ಲಿ ಸಂಗೀತ ನಿರ್ದೇಶಕ ಚಕ್ರವರ್ತಿಯವರಿಗೆ ಸಹಾಯಕರಾಗಿ ದುಡಿದುದನ್ನೂ, ಕೆ. ಬಾಲಚಂದರರ ‘ಅಳಗನ್’ ಚಿತ್ರಕ್ಕೆ ಮರಕತಮಣಿಯೆಂಬ ಬೇರೆ ಹೆಸರಿನಲ್ಲಿ ರಾಗ ಹಾಕಿ ತಮಿಳರನ್ನು ಒಲಿಸಿಕೊಂಡುದನ್ನೂ ಬಲ್ಲ ಕೋಡಂಬಾಕ್ಕದ ಹಳಬರು, ಆ ಬಿರುದಿನಲ್ಲಿ ತಮ್ಮದೂ ಒಂದು ಪಾಲಿದೆಯೆಂದು ವಾದಿಸದೆ ಇರಲಿಲ್ಲ.